ಎಲ್ಲರೂ ಸೇರಿ ಬರೆಯುವ ಸಂಖ್ಯಾಶಾಸ್ತ್ರ: ಒಂದೊಂದು ಪುಟ ಕಟ್ಟುವ ಬಗೆ

ಬ್ಯಾಡಗಿ ಮೆಣಸಿನಕಾಯಿ ಪೇಟೆಯ ದರ ಪೇಪರಿನಲ್ಲಿ ಬರುತ್ತದಲ್ಲ, ಅದನ್ನು ಸ್ವಲ್ಪ ನಿಧಾನಕ್ಕೆ ಓದಿ ನೋಡಿ. ಡಬ್ಬಿ, ಕಡ್ಡಿ, ಗುಂಟೂರು ಅಂತ ಒಂದೊಂದು ತಳಿಗೆ ಒಂದೊಂದು ಸಾಲು. ಪ್ರತಿ ಸಾಲಿನಲ್ಲಿ ಕನಿಷ್ಠ, ಗರಿಷ್ಠ, ಆಮೇಲೆ ಇನ್ನೊಂದು ಅಂಕಿ. ಆ ಮೂರನೆಯದನ್ನು ಕೆಲವರು ಸರಾಸರಿ ಅನ್ನುತ್ತಾರೆ, ಕೆಲವರು ಮಾದರಿ ದರ ಅನ್ನುತ್ತಾರೆ. ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ಕೊಡುವುದು ಅಂದು ಹೆಚ್ಚು ಮಾಲು ಯಾವ ದರಕ್ಕೆ ಹೋಯಿತೋ ಆ ದರ. ಸರಾಸರಿಯೇ ಬೇರೆ, ಇದೇ ಬೇರೆ. ಮಾಲು ಈ ವಾರ ಪೇಟೆಗೆ ತರಬೇಕೋ, ಕೋಲ್ಡ್ ಸ್ಟೋರೇಜಿನಲ್ಲಿ ಇಡಬೇಕೋ ಅಂತ ಹಾವೇರಿ ಜಿಲ್ಲೆಯ ರೈತ ಯೋಚನೆ ಮಾಡುವುದು ಇಂಥ ಅಂಕಿ ನೋಡಿಕೊಂಡೇ. ಅದು ಯಾವ ಅಂಕಿ, ಹೇಗೆ ಬಂತು ಅಂತ ಕನ್ನಡದಲ್ಲಿ ಬಿಡಿಸಿ ಹೇಳುವ ಒಂದು ಜಾಗ ಬೇಕು, ಅಲ್ವಾ?

ಇದು ಬೇಕಾದವರು ರೈತರಷ್ಟೇ ಅಲ್ಲ. ಪಿಯುಸಿಯಲ್ಲಿ ಸೆಬಾ (ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ) ತಗೊಂಡು ಸಂಖ್ಯಾಶಾಸ್ತ್ರ ಓದುವ ಮಕ್ಕಳಿದ್ದಾರೆ. ಧಾರವಾಡದ ಸಪ್ತಾಪುರದ ಕೋಚಿಂಗ್ ಕ್ಲಾಸುಗಳಲ್ಲಿ ಕೋಷ್ಟಕ, ಗ್ರಾಫ್ ನೋಡಿ ಉತ್ತರ ಬರೆಯುವುದನ್ನು ಕಲಿಯುವವರಿದ್ದಾರೆ. ಎಂ.ಎ., ಎಂ.ಎಡ್. ಪ್ರಬಂಧಕ್ಕೆಂದು ಹಳ್ಳಿ ಹಳ್ಳಿ ತಿರುಗಿ ಪ್ರಶ್ನಾವಳಿ ತುಂಬಿಸಿಕೊಂಡು ಬಂದು, ಮುಂದೆ ಸಂಖ್ಯಾಶಾಸ್ತ್ರದ ಪರೀಕ್ಷೆಗಳಲ್ಲಿ ಟಿ-ಟೆಸ್ಟ್ ಮಾಡಬೇಕೋ ಕೈ-ಸ್ಕ್ವೇರ್ ಮಾಡಬೇಕೋ ತಿಳಿಯದೆ ದುಡ್ಡು ಕೊಟ್ಟು ಬೇರೆಯವರಿಂದ ಲೆಕ್ಕ ಹಾಕಿಸುವವರಿದ್ದಾರೆ. ಇವರಿಗೆ ಬುದ್ಧಿ ಕಮ್ಮಿ ಅಂತಲ್ಲ. ಹತ್ತನೇ ಕ್ಲಾಸಿನ ತನಕ ಸರಾಸರಿ, ಮಧ್ಯಾಂಕ, ಬಹುಲಕ ಎಲ್ಲ ಕನ್ನಡದಲ್ಲಿ ಓದಿದವರಿಗೆ, ಅದರ ಮುಂದಿನ ಮೆಟ್ಟಿಲು ಕನ್ನಡದಲ್ಲಿ ಸಿಗುವುದೇ ಅಪರೂಪ.

ಗದಗದ ಮುಂಡರಗಿ ದಾಟಿ ತುಂಗಭದ್ರೆಯ ಆಚೆ ಹೋದರೆ ಹೂವಿನಹಡಗಲಿ. 1920ರ ಸೆಪ್ಟೆಂಬರ್ 10ರಂದು ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಹುಟ್ಟಿದ್ದು ಅಲ್ಲಿ. 1945ರಲ್ಲಿ, ಇನ್ನೂ ಇಪ್ಪತ್ತೈದು ತುಂಬುವ ಹೊತ್ತಿನಲ್ಲಿ ಅವರು ಪ್ರಕಟಿಸಿದ ಲೇಖನ ಇವತ್ತಿಗೂ ಜಗತ್ತಿನ ಸಂಖ್ಯಾಶಾಸ್ತ್ರದ ಪಾಠಗಳಲ್ಲಿದೆ. ಕೈಯಲ್ಲಿರುವ ದತ್ತಾಂಶದಿಂದ ಒಂದು ಅಂದಾಜನ್ನು ಎಷ್ಟರ ಮಟ್ಟಿಗೆ ನಿಖರ ಮಾಡಬಹುದು ಅನ್ನುವುದಕ್ಕೆ ಒಂದು ಮಿತಿ ಇದೆ, ಆ ಮಿತಿಯನ್ನು ಮೊದಲೇ ಲೆಕ್ಕ ಹಾಕಬಹುದು ಅನ್ನುವುದು ಅದರಲ್ಲಿನ ಒಂದು ಮುಖ್ಯ ಮಾತು. 2023ರಲ್ಲಿ ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ ಬಂತು, ಅದೇ ವರ್ಷ ಆಗಸ್ಟಿನಲ್ಲಿ ಅವರು ತೀರಿಕೊಂಡರು. ಹಡಗಲಿಯಲ್ಲಿ ಹುಟ್ಟಿದವರ ಈ ಕೆಲಸವನ್ನು ಹಡಗಲಿಯ ಹುಡುಗಿ ಕನ್ನಡದಲ್ಲಿ ಓದುವಂತಾಗಬೇಕು. ಈ ಆಸೆ ನನಗೆ ತುಂಬಾ ಇದೆ.

ಅದಕ್ಕೆ ದಾರಿ, ಜನ ಸೇರಿ ಬರೆಯುವ ಒಂದು ಆನ್‌ಲೈನ್ ಆಕರ. ಒಂದು ವಿಷಯಕ್ಕೆ ಒಂದು ಪುಟ. ಪುಟದಿಂದ ಪುಟಕ್ಕೆ ಕೊಂಡಿ. ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. ಯಾರು ಯಾವಾಗ ಏನು ತಿದ್ದಿದರು ಅನ್ನುವುದು ಉಳಿದಿರುತ್ತದೆ, ಬೇಡದ ತಿದ್ದುಪಡಿಯನ್ನು ಒಂದೇ ಒತ್ತಿಗೆ ಹಿಂದಕ್ಕೆ ಹಾಕಬಹುದು. ಎಲ್ಲರೂ ತಿದ್ದಬಹುದಾದ ಇಂಥ ಮೊದಲ ತಾಣ ಮಾಡಿದ್ದು ವಾರ್ಡ್ ಕನಿಂಗ್‌ಹ್ಯಾಮ್, 1995ರಲ್ಲಿ. ಇದಕ್ಕೆ ಬೇಕಾದ ಮೀಡಿಯಾವಿಕಿಯಂಥ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಹಾಗಾಗಿ ತಾಣ ನಿಲ್ಲಿಸುವುದು ದೊಡ್ಡ ಕೆಲಸವೇನಲ್ಲ. ಕಷ್ಟ ಇರುವುದು ಪುಟ ಹೇಗಿರಬೇಕು, ಅದರಲ್ಲಿ ತಪ್ಪಿದ್ದರೆ ಯಾರು ಹಿಡಿಯಬೇಕು ಅನ್ನುವುದರಲ್ಲಿ.

ಪುಟದ ವಿಚಾರ ಮೊದಲು ನೋಡೋಣ. ಮಾಮೂಲಿ ಪುಸ್ತಕದಲ್ಲಿ 'ಸರಾಸರಿ' ಎಂದರೆ ಮೊದಲು ವ್ಯಾಖ್ಯೆ, ಆಮೇಲೆ ಸೂತ್ರ, ಆಮೇಲೆ ಐದು ವಿದ್ಯಾರ್ಥಿಗಳ ಅಂಕ. ಓದುವವರ ಮನಸ್ಸಿನಲ್ಲಿ ಇನ್ನೂ ಯಾವ ಪ್ರಶ್ನೆಯೂ ಹುಟ್ಟಿರುವುದಿಲ್ಲ, ಅಷ್ಟರಲ್ಲೇ ಉತ್ತರ ಬಂದಿರುತ್ತದೆ. ಈ ಆಕರದ ಪುಟ ಪ್ರಶ್ನೆಯಿಂದ ಶುರುವಾಗಬೇಕು. ಉದಾಹರಣೆಗೆ ಹೀಗೆ: ಇವತ್ತು ಒಂದು ದಲಾಲಿ ಅಂಗಡಿಯ ಮುಂದೆ ಒಂಬತ್ತು ಲಾಟು (ಒಟ್ಟಿಗೆ ಮಾರಾಟಕ್ಕಿಟ್ಟ ಚೀಲಗಳ ಗುಂಪು) ಇದ್ದವು. ಟೆಂಡರಿನಲ್ಲಿ ಬಂದ ದರ ಕ್ವಿಂಟಲಿಗೆ 18,000, 19,500, 21,000, 22,000, 23,000, 24,500, 26,000, 28,000 ಮತ್ತು 70,000 ರೂಪಾಯಿ. ಇವತ್ತಿನ ದರ ಎಷ್ಟು ಅಂತ ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ಅಂಕಿಗಳು ಉದಾಹರಣೆಗೆಂದು ಹಾಕಿದವು, ಹಾಗೆಂದು ಪುಟದಲ್ಲೇ ಹೇಳಿರಬೇಕು.

ಎಲ್ಲ ಕೂಡಿಸಿದರೆ 2,52,000. ಒಂಬತ್ತರಿಂದ ಭಾಗಿಸಿದರೆ 28,000. ಇದು ಸರಾಸರಿ. ಆದರೆ ಒಂಬತ್ತರಲ್ಲಿ ಏಳು ಲಾಟಿಗೆ ಅದಕ್ಕಿಂತ ಕಮ್ಮಿ ದರ ಬಂದಿದೆ. ಒಂದೇ ಒಂದು ಲಾಟು, 70,000ದ್ದು, ಇಡೀ ಸರಾಸರಿಯನ್ನು ಮೇಲೆ ಎಳೆದುಬಿಟ್ಟಿದೆ. ಏರಿಕೆಯ ಕ್ರಮದಲ್ಲಿ ಇಟ್ಟು ನಡುವಿನದನ್ನು ತೆಗೆದರೆ 23,000 ಸಿಗುತ್ತದೆ. ಅದು ಮಧ್ಯಾಂಕ. ಆ 70,000 ರೂಪಾಯಿ 7 ಲಕ್ಷ ಆದರೂ ಮಧ್ಯಾಂಕ ಅಲುಗಾಡುವುದಿಲ್ಲ. ಸಾಮಾನ್ಯ ರೈತನಿಗೆ ಎಷ್ಟು ಸಿಕ್ಕೀತು ಅನ್ನುವುದಕ್ಕೆ ಇದು ಹತ್ತಿರದ ಉತ್ತರ.

ಇಲ್ಲಿಗೆ ನಿಲ್ಲಿಸಿದರೆ ಪುಟ ಅರ್ಧವೇ. ಪೇಟೆಯಲ್ಲಿ ಕೆಲಸ ಮಾಡಿದ ಯಾರಾದರೂ ಓದಿದರೆ ತಕ್ಷಣ ಕೇಳುತ್ತಾರೆ: ಆ 70,000ದ ಲಾಟಿನಲ್ಲಿ ಎಷ್ಟು ಚೀಲ ಇತ್ತು? ಅದರಲ್ಲಿ ಬರೀ ಎರಡು ಚೀಲ, ಉಳಿದ ಎಂಟು ಲಾಟಿನಲ್ಲಿ ತಲಾ ನಲವತ್ತು ಚೀಲ ಅಂದುಕೊಳ್ಳಿ. ಎಲ್ಲ ಚೀಲದ ತೂಕವೂ ಒಂದೇ ಅಂದುಕೊಳ್ಳಿ. ಆಗ ಲಾಟಿನ ಬದಲು ಚೀಲದ ಲೆಕ್ಕದಲ್ಲಿ ಸರಾಸರಿ ತೆಗೆದರೆ ಬರುವುದು ಸುಮಾರು 23,040 ರೂಪಾಯಿ. 28,000 ಎಲ್ಲಿ, 23,040 ಎಲ್ಲಿ! ತೂಕ ಹಾಕಿದ ಸರಾಸರಿ ಅನ್ನುವ ಪಾಠ ಪುಸ್ತಕದಲ್ಲಿ ಇನ್ನೊಂದು ಅಧ್ಯಾಯದಲ್ಲಿ ಬರುತ್ತದೆ. ಪೇಟೆಯ ಮನುಷ್ಯನಿಗೆ ಅದು ಮೊದಲ ಪ್ರಶ್ನೆ. ಬೇರೆ ಬೇರೆ ಕಸುಬಿನವರು ಒಂದೇ ಪುಟವನ್ನು ಓದಿ ತಿದ್ದಿದರೆ ಆಗುವ ಲಾಭ ಇದು. ಒಬ್ಬ ಪ್ರಾಧ್ಯಾಪಕರು ಕೂತು ಬರೆದರೆ ಈ ಪ್ರಶ್ನೆ ಹುಟ್ಟದೇ ಇರಬಹುದು.

ಮತ್ತೊಬ್ಬರು ಇನ್ನೊಂದು ಕೇಳಬಹುದು: ಡಬ್ಬಿ, ಕಡ್ಡಿ ಎರಡನ್ನೂ ಕೂಡಿಸಿ ಒಂದೇ ಸರಾಸರಿ ಹೇಳಿದರೆ ಏನಾಗುತ್ತದೆ? ಇದರ ಉತ್ತರಕ್ಕೆ ಬೇರೆಯದೇ ಪುಟ ಬೇಕು, ಯಾಕೆಂದರೆ ಉತ್ತರ ನಂಬುವುದೇ ಕಷ್ಟ. ಹೋದ ವಾರ ನೂರು ಲಾಟಿನಲ್ಲಿ 60 ಡಬ್ಬಿ, ದರ 30,000. 40 ಕಡ್ಡಿ, ದರ 20,000. ಒಟ್ಟು ಸರಾಸರಿ 26,000. ಈ ವಾರ ಡಬ್ಬಿಗೂ ಸಾವಿರ ಏರಿತು, ಕಡ್ಡಿಗೂ ಸಾವಿರ ಏರಿತು. ಆದರೆ ಈ ವಾರ ಬಂದದ್ದು 20 ಡಬ್ಬಿ, 80 ಕಡ್ಡಿ. ಲೆಕ್ಕ ಹಾಕಿ: 20 ಲಾಟು 31,000ಕ್ಕೆ, 80 ಲಾಟು 21,000ಕ್ಕೆ. ಒಟ್ಟು ಸರಾಸರಿ 23,000. ಎರಡೂ ತಳಿಯ ದರ ಏರಿದೆ, ಒಟ್ಟು ಸರಾಸರಿ ಮೂರು ಸಾವಿರ ಇಳಿದಿದೆ. 'ಮೆಣಸಿನಕಾಯಿ ದರ ಕುಸಿತ' ಅಂತ ಯಾರಾದರೂ ಬರೆದರೆ ಅಂಕಿ ಸುಳ್ಳಲ್ಲ, ಅರ್ಥ ಮಾತ್ರ ಪೂರಾ ಉಲ್ಟಾ. ಇದಕ್ಕೆ ಸಿಂಪ್ಸನ್ ವಿರೋಧಾಭಾಸ ಅನ್ನುತ್ತಾರೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1973ರ ಪ್ರವೇಶದ ಅಂಕಿ ಇದಕ್ಕೆ ಹೆಸರಾದ ಉದಾಹರಣೆ. ಅರ್ಜಿ ಹಾಕಿದ ಗಂಡಸರಲ್ಲಿ ಶೇ. 44ರಷ್ಟು ಮಂದಿಗೆ ಸೀಟು ಸಿಕ್ಕಿತ್ತು, ಹೆಂಗಸರಲ್ಲಿ ಶೇ. 35ರಷ್ಟು ಮಂದಿಗೆ. ವಿಭಾಗವಾರು ನೋಡಿದಾಗ ಹೆಂಗಸರ ವಿರುದ್ಧ ಅಂಥ ಒಲವು ಕಾಣಲಿಲ್ಲ. ಸೀಟು ಸಿಗುವುದು ಕಷ್ಟವಾಗಿದ್ದ ವಿಭಾಗಗಳಿಗೇ ಹೆಂಗಸರು ಜಾಸ್ತಿ ಅರ್ಜಿ ಹಾಕಿದ್ದರು. ಬ್ಯಾಡಗಿಯ ಲೆಕ್ಕ ಅರ್ಥವಾದವರಿಗೆ ಬರ್ಕ್ಲಿಯ ಲೆಕ್ಕ ತಾನಾಗಿ ಅರ್ಥವಾಗುತ್ತದೆ. ನಮ್ಮ ಊರಿನ ಉದಾಹರಣೆ ಮೊದಲು ಬರಲಿ ಅನ್ನುವುದು ಇದೇ ಕಾರಣಕ್ಕೆ. ಊರಿನ ಮೇಲಿನ ಅಭಿಮಾನಕ್ಕೆ ಅಷ್ಟೇ ಅಲ್ಲ.

ಇನ್ನು ತಪ್ಪು ಹಿಡಿಯುವ ವಿಚಾರ. 2000ರಲ್ಲಿ ಜಿಮ್ಮಿ ವೇಲ್ಸ್ ಅವರು ನ್ಯೂಪೀಡಿಯಾ ಎಂಬ ಆನ್‌ಲೈನ್ ವಿಶ್ವಕೋಶ ಶುರು ಮಾಡಿದರು, ಲ್ಯಾರಿ ಸ್ಯಾಂಗರ್ ಅದರ ಸಂಪಾದಕರು. ಪರಿಣತರೇ ಬರೆಯಬೇಕು, ಏಳು ಹಂತದ ಪರಿಶೀಲನೆ ಆಗಬೇಕು ಅಂತ ನಿಯಮ. 2003ರಲ್ಲಿ ಅದು ಮುಚ್ಚುವ ಹೊತ್ತಿಗೆ ಪೂರ್ತಿಯಾದ ಲೇಖನಗಳು ಮೂವತ್ತನ್ನೂ ಮುಟ್ಟಿರಲಿಲ್ಲ. ಅದರ ಪಕ್ಕದಲ್ಲೇ, ಯಾರು ಬೇಕಾದರೂ ಬರೆಯಿರಿ ಅಂತ 2001ರ ಜನವರಿ 15ರಂದು ಶುರುವಾದ ವಿಕಿಪೀಡಿಯಾ ಒಂದು ವರ್ಷದಲ್ಲಿ ಸಾವಿರಾರು ಲೇಖನ ಕಂಡಿತು. ಕನ್ನಡ ವಿಕಿಪೀಡಿಯಾ 2003ರಲ್ಲಿ ಶುರುವಾಯಿತು. ಇದರಿಂದ, ಬಾಗಿಲು ತೆರೆದಿಟ್ಟರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ ಅಂತ ಕೆಲವರು ತೀರ್ಮಾನಿಸುತ್ತಾರೆ. ಸಂಖ್ಯಾಶಾಸ್ತ್ರದ ಮಟ್ಟಿಗೆ ನಾನು ಇದನ್ನು ಒಪ್ಪುವುದಿಲ್ಲ. ಒಂದು ಊರಿನ ಬಗ್ಗೆ ತಪ್ಪು ಬರೆದರೆ ಆ ಊರಿನವರು ಕಂಡುಹಿಡಿಯುತ್ತಾರೆ. ಸಂಖ್ಯಾಶಾಸ್ತ್ರದ ತಪ್ಪು ವಾಕ್ಯ ಓದುವುದಕ್ಕೆ ಸರಿಯಾದ ವಾಕ್ಯದ ಹಾಗೇ ಇರುತ್ತದೆ. ಎಷ್ಟೋ ಸಲ ಸರಿಯಾದದ್ದಕ್ಕಿಂತ ಸಲೀಸಾಗಿ ಇರುತ್ತದೆ.

ಪಿ-ಮೌಲ್ಯದ ಪುಟವನ್ನೇ ತಗೊಳ್ಳಿ. ಬೀಜದ ಚೀಲದ ಮೇಲೆ ಮೊಳಕೆ ಶೇ. 80 ಅಂತ ಇದೆ. ಬಿತ್ತುವ ಮೊದಲು ರೈತ ನೂರು ಬೀಜ ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು ನೋಡುತ್ತಾನೆ. 72 ಮೊಳಕೆ ಒಡೆದವು. ಕಂಪನಿ ಹೇಳಿದ್ದು ಸುಳ್ಳೋ, ಅಥವಾ ಈ ನೂರರಲ್ಲಿ ಸುಮ್ನೆ ಹಾಗೆ ಬಂತೋ? ಚೀಲದ ಮೇಲಿನ ಮಾತು ನಿಜ ಅಂತಲೇ ಇಟ್ಟುಕೊಂಡು ಲೆಕ್ಕ ಶುರು ಮಾಡಬೇಕು. ಪ್ರತಿ ಬೀಜಕ್ಕೂ ಮೊಳಕೆಯ ಸಂಭವ ಶೇ. 80 ಇದ್ದರೆ, ನೂರರಲ್ಲಿ 72 ಅಥವಾ ಅದಕ್ಕಿಂತ ಕಮ್ಮಿ ಬರುವ ಸಂಭವ ಎಷ್ಟು? ನೂರಕ್ಕೆ ಮೂರು-ನಾಲ್ಕು ಸಲ. ಈ ಅಂಕಿಯೇ ಪಿ-ಮೌಲ್ಯ.

ಈಗ ಈ ಪುಟಕ್ಕೆ ಒಬ್ಬ ವಿದ್ಯಾರ್ಥಿ ಬಂದು, ಸುಲಭ ಮಾಡುವ ಒಳ್ಳೆಯ ಮನಸ್ಸಿನಿಂದ, ಹೀಗೆ ತಿದ್ದುತ್ತಾನೆ ಅಂದುಕೊಳ್ಳಿ: 'ಅಂದರೆ, ಕಂಪನಿ ಹೇಳಿದ್ದು ನಿಜವಾಗಿರುವ ಸಾಧ್ಯತೆ ಶೇ. 3 ಮಾತ್ರ.' ಓದಲು ಎಷ್ಟು ಚೆಂದ! ಆದರೆ ಪೂರ್ತಿ ತಪ್ಪು. ಲೆಕ್ಕ ಶುರುವಾಗಿದ್ದೇ ಕಂಪನಿಯ ಮಾತು ನಿಜ ಅಂತ ಇಟ್ಟುಕೊಂಡು. ನಿಜ ಅಂತ ಮೊದಲೇ ಒಪ್ಪಿಕೊಂಡು ಮಾಡಿದ ಲೆಕ್ಕ, ಅದು ನಿಜವಾಗಿರುವ ಸಾಧ್ಯತೆ ಎಷ್ಟು ಅಂತ ಹೇಳಲಾರದು. ಅದನ್ನು ಹೇಳಬೇಕಾದರೆ ಆ ಕಂಪನಿಯ ಬೀಜ ಮೊದಲು ಹೇಗಿತ್ತು, ಇಂಥ ಎಷ್ಟು ಚೀಲ ಕೆಟ್ಟಿದ್ದವು ಅನ್ನುವಂಥ ಬೇರೆ ಮಾಹಿತಿ ಬೇಕು. ಈ ಗೊಂದಲ ವಿದ್ಯಾರ್ಥಿಗಳದ್ದಷ್ಟೇ ಅಲ್ಲ. ಸಂಶೋಧಕರಲ್ಲೂ ಎಷ್ಟು ಹಬ್ಬಿತ್ತು ಅಂದರೆ, ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಪಿ-ಮೌಲ್ಯದ ಬಗ್ಗೆ ಒಂದು ಹೇಳಿಕೆಯನ್ನೇ ಹೊರಡಿಸಿತು. ಪಿ-ಮೌಲ್ಯ ಅಂದರೆ ಊಹೆ ನಿಜವಾಗಿರುವ ಸಂಭವ ಅಲ್ಲ ಅನ್ನುವುದು ಅದರಲ್ಲಿನ ಒಂದು ಅಂಶ.

ಇಂಥ ತಿದ್ದುಪಡಿ ಬಂದ ಕೂಡಲೇ ಅಳಿಸಿ ಹಾಕಿದರೆ ಎರಡು ನಷ್ಟ. ಆ ಹುಡುಗ ಮತ್ತೆ ಬರುವುದಿಲ್ಲ. ಅದಕ್ಕಿಂತ ದೊಡ್ಡದು, ಎಲ್ಲರೂ ಎಡವುವ ಜಾಗ ಎಲ್ಲಿದೆ ಅಂತ ಅವನು ತೋರಿಸಿಕೊಟ್ಟಿದ್ದು ಕಳೆದುಹೋಗುತ್ತದೆ. ಆ ವಾಕ್ಯವನ್ನು ಪುಟದಲ್ಲೇ ಉಳಿಸಬೇಕು, 'ಹೀಗೆ ಹೇಳಿದರೆ ಯಾಕೆ ತಪ್ಪು' ಅನ್ನುವ ಭಾಗದಲ್ಲಿ, ಕಾರಣ ಸಮೇತ. ಪ್ರತಿ ಪುಟದಲ್ಲೂ ಇಂಥದೊಂದು ಭಾಗ ಬೇಕೇ ಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಓದುವವರಿಗೆ ವ್ಯಾಖ್ಯೆಗಿಂತ ಹೆಚ್ಚು ಉಪಯೋಗ ಆಗುವುದು ಇದೇ. ಇದನ್ನು ಒಬ್ಬರೇ ಕೂತು ಬರೆಯುವುದಕ್ಕೆ ಬರುವುದಿಲ್ಲ. ತಪ್ಪು ತಿಳಿದವರು ಬಂದು ಬರೆದರೆ ಮಾತ್ರ ಅದು ತುಂಬುತ್ತದೆ.

ಪುಟದ ಹಿಂದೆ ಚರ್ಚೆಯ ಪುಟ ಅಂತ ಇನ್ನೊಂದು ಇರುತ್ತದೆ. ಬೀಜದ ಉದಾಹರಣೆಗೆ ಅಲ್ಲಿ ಕೃಷಿ ಓದಿದ ಯಾರಾದರೂ ಒಂದು ಆಕ್ಷೇಪ ಎತ್ತಬಹುದು: ಆ ನೂರು ಬೀಜವನ್ನು ಚೀಲದ ಬಾಯಿಯಿಂದ ಒಂದೇ ಹಿಡಿ ತೆಗೆದರೋ, ಬೇರೆ ಬೇರೆ ಕಡೆಯಿಂದ ತೆಗೆದರೋ? ಒಂದೇ ಮೂಲೆಗೆ ಪಸೆ ಹತ್ತಿದ್ದರೆ ಅಲ್ಲಿನ ಬೀಜಗಳೆಲ್ಲ ಒಟ್ಟಿಗೇ ಕೆಟ್ಟಿರುತ್ತವೆ. ಪ್ರತಿ ಬೀಜವೂ ತನ್ನಷ್ಟಕ್ಕೆ ತಾನು ಅಂತ ಇಟ್ಟುಕೊಂಡು ಹಾಕಿದ ಲೆಕ್ಕ ಆಗ ನಿಲ್ಲುವುದಿಲ್ಲ. ಸ್ವತಂತ್ರ ಘಟನೆ ಅನ್ನುವ ಪುಟಕ್ಕೆ ಕೊಂಡಿ ಹುಟ್ಟುವುದು ಇಂಥ ಮಾತಿನಿಂದಲೇ.

ಹಾಗಾದರೆ ಪರಿಶೀಲನೆ ಹೇಗೆ? ಜರ್ಮನ್ ವಿಕಿಪೀಡಿಯಾ 2008ರಿಂದ ಒಂದು ನಡುದಾರಿ ಹಿಡಿದಿದೆ. ಹೊಸಬರು ತಿದ್ದಬಹುದು, ಆದರೆ ಅನುಭವಸ್ಥರೊಬ್ಬರು ನೋಡಿ ಒಪ್ಪುವ ತನಕ ಮಾಮೂಲಿ ಓದುಗರಿಗೆ ಹಳೆಯ ಪುಟವೇ ಕಾಣುತ್ತದೆ. ನಮಗೂ ಇದು ಸರಿ ಹೋಗುತ್ತದೆ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಇದೆ, ಕೃಷಿ ವಿಶ್ವವಿದ್ಯಾಲಯ ಇದೆ, 2016ರಲ್ಲಿ ಶುರುವಾದ ಐಐಟಿ ಇದೆ. ಹುಬ್ಬಳ್ಳಿ, ಗದಗ, ಹಾವೇರಿಯ ಡಿಗ್ರಿ ಕಾಲೇಜುಗಳಲ್ಲಿ ಪಾಠ ಮಾಡುವವರಿದ್ದಾರೆ. ಇವರೆಲ್ಲ ಹೊಸ ಪುಟ ಬರೆಯಬೇಕಿಲ್ಲ. ಬಿಡುವಿದ್ದಾಗ ಒಂದೊಂದು ಪುಟ ಓದಿ, ಸೂತ್ರ ಸರಿ ಇದೆಯಾ, ಲೆಕ್ಕ ಸರಿ ಇದೆಯಾ, ತಪ್ಪು ಅರ್ಥ ಬರುವ ವಾಕ್ಯ ಇದೆಯಾ ಅಂತ ನೋಡಿ ಒಪ್ಪಿಗೆ ಹಾಕಿದರೆ ಸಾಕು. ಹೊಸದಾಗಿ ಬರೆಯಲು ಉತ್ಸಾಹ ಇರುವವರು ಸಿಗುತ್ತಾರೆ. ಬರೆದದ್ದನ್ನು ಕೂತು ಓದುವವರು ಸಿಗುವುದೇ ಕಷ್ಟ. ಹಾಗಾಗಿ ಇಡೀ ಏರ್ಪಾಡು ಓದಿ ತಿದ್ದುವವರ ಅನುಕೂಲಕ್ಕೆ ತಕ್ಕಂತೆ ಇರಬೇಕು. ಪುಟ ಚಿಕ್ಕದಿರಬೇಕು, ಒಂದು ಪುಟದಲ್ಲಿ ಒಂದೇ ವಿಷಯ ಇರಬೇಕು, ಲೆಕ್ಕವನ್ನು ಹೆಜ್ಜೆ ಹೆಜ್ಜೆಯಾಗಿ ಇಟ್ಟಿರಬೇಕು.

ಲೆಕ್ಕದ ದತ್ತಾಂಶವೂ ಪುಟದ ಜೊತೆ ಸಿಗಬೇಕು. ಆರ್ ಅನ್ನುವ ಸಂಖ್ಯಾಶಾಸ್ತ್ರದ ತಂತ್ರಾಂಶ ಪುಕ್ಕಟೆ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ರಾಸ್ ಇಹಾಕಾ, ರಾಬರ್ಟ್ ಜೆಂಟಲ್‌ಮನ್ ಇಬ್ಬರು ಶುರು ಮಾಡಿದ್ದು. ಮೇಲಿನ ಬೀಜದ ಲೆಕ್ಕ ಅದರಲ್ಲಿ ಒಂದೇ ಸಾಲು. ಆ ಸಾಲನ್ನು ಪುಟದಲ್ಲೇ ಕೊಟ್ಟರೆ, ಓದುವವರು ತಮ್ಮ ಕಂಪ್ಯೂಟರಿನಲ್ಲಿ ಹಾಕಿ ಅದೇ ಉತ್ತರ ಬರುತ್ತದಾ ಅಂತ ನೋಡಬಹುದು. 72ರ ಬದಲು 76 ಹಾಕಿ ಏನಾಗುತ್ತದೆ ಅಂತಲೂ ನೋಡಬಹುದು. ಸೂತ್ರಗಳನ್ನು ಮಾತ್ರ ಫೋಟೋ ಮಾಡಿ ಹಾಕಬಾರದು. ಫೋಟೋದಲ್ಲಿನ ಸೂತ್ರವನ್ನು ಯಾರೂ ತಿದ್ದಲಾರರು, ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳಲಾರದು.

ಒಂದು ಪುಟದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಈ ಭಾಗದ ಜನರ ದುಡ್ಡು ನೇರವಾಗಿ ಅದರ ಮೇಲೆ ನಿಂತಿದೆ. ಮಾದರಿ ಅಥವಾ ಸ್ಯಾಂಪಲ್ ಅನ್ನುವ ಪುಟ. ಬೆಳೆ ವಿಮೆಯ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯ್ತಿಯೇ ಒಂದು ಘಟಕ. ಇಡೀ ಪಂಚಾಯ್ತಿಯ ಇಳುವರಿಯನ್ನು ತೀರ್ಮಾನಿಸಲು ಕನಿಷ್ಠ ನಾಲ್ಕು ಬೆಳೆ ಕಟಾವು ಪ್ರಯೋಗ ಮಾಡುತ್ತಾರೆ. ಲಾಟರಿ ಎತ್ತಿದ ಹಾಗೆ ಸರ್ವೆ ನಂಬರ್ ಆರಿಸಿ, ಹೊಲದೊಳಗೆ ಒಂದು ಚೌಕ ಗುರುತು ಹಾಕಿ, ಅದರಲ್ಲಿನ ಬೆಳೆ ಕೊಯ್ದು ತೂಗುತ್ತಾರೆ. ಎಷ್ಟೋ ಬೆಳೆಗೆ ಆ ಚೌಕ 5 ಮೀಟರಿಗೆ 5 ಮೀಟರ್. ಇನ್ನೊಂದು ಕಡೆ, ಹಿಂದಿನ ಏಳು ವರ್ಷದಲ್ಲಿ ಚೆನ್ನಾಗಿ ಬಂದ ಐದು ವರ್ಷದ ಸರಾಸರಿ ತೆಗೆದು, ಅದನ್ನು ಶೇ. 70, 80 ಅಥವಾ 90ರಿಂದ ಗುಣಿಸಿ ಒಂದು ಗಡಿ ಇಳುವರಿ ಇಟ್ಟಿರುತ್ತಾರೆ. ಗಡಿ ಎಕರೆಗೆ 10 ಕ್ವಿಂಟಲ್ ಇದ್ದು, ಕಟಾವಿನಲ್ಲಿ 7 ಬಂದರೆ, ಕೊರತೆ ಹತ್ತಕ್ಕೆ ಮೂರು. ವಿಮಾ ಮೊತ್ತದ ಶೇ. 30 ಪರಿಹಾರ.

ನನ್ನ ಹೊಲದಲ್ಲಿ ಏನೂ ಬರಲಿಲ್ಲ, ಆದರೂ ವಿಮೆ ಬರಲಿಲ್ಲ ಅನ್ನುವ ಸಂಕಟ ಹಳ್ಳಿಗಳಲ್ಲಿ ಕೇಳುತ್ತಲೇ ಇರುತ್ತೇವೆ. ಘಟಕ ಪಂಚಾಯ್ತಿಯಾದ್ದರಿಂದ ಒಬ್ಬರ ಹೊಲದ ನಷ್ಟ ಆ ಸರಾಸರಿಯಲ್ಲಿ ಮುಳುಗಿ ಹೋಗಬಹುದು. ಆ ಸಂಕಟ ಸುಳ್ಳಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು, ಬೇಕಾದರೆ ಪ್ರಶ್ನೆ ಮಾಡಲು, ಸ್ಯಾಂಪಲ್ಲಿನ ಲೆಕ್ಕ ಗೊತ್ತಿರಬೇಕು. ನಾಲ್ಕೇ ತುಣುಕಿನಿಂದ ಪಂಚಾಯ್ತಿಯ ಲೆಕ್ಕ ಎಷ್ಟು ನಂಬಬಹುದು? ಹೊಲದಿಂದ ಹೊಲಕ್ಕೆ ಇಳುವರಿಯ ಮಾನಕ ವಿಚಲನೆ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) 3 ಕ್ವಿಂಟಲ್ ಅಂದುಕೊಳ್ಳಿ. ನಾಲ್ಕರ ಸರಾಸರಿಯಲ್ಲಿ ಇರುವ ಅಂದಾಜು ದೋಷ, 3ನ್ನು ನಾಲ್ಕರ ವರ್ಗಮೂಲದಿಂದ ಭಾಗಿಸಿದರೆ, 1.5 ಕ್ವಿಂಟಲ್. ಅದನ್ನು ಅರ್ಧ ಮಾಡಬೇಕಾದರೆ ಎಂಟು ಪ್ರಯೋಗ ಸಾಲದು, ಹದಿನಾರು ಬೇಕು. ಮೇಲಿನ ಉದಾಹರಣೆಯಲ್ಲಿ 7ರ ಬದಲು 8.5 ಬಂದಿದ್ದರೆ ಪರಿಹಾರ ಶೇ. 30ರಿಂದ ಶೇ. 15ಕ್ಕೆ ಇಳಿಯುತ್ತಿತ್ತು. ವರ್ಗಮೂಲ ಅನ್ನುವುದು ಬರೀ ಪರೀಕ್ಷೆಯ ಪ್ರಶ್ನೆ ಅಲ್ಲ ಅಂತ ಇಲ್ಲಿ ಕಾಣುತ್ತದೆ.

ಲಾಟರಿ ಎತ್ತಿ ಹೊಲ ಆರಿಸುವುದು ಯಾಕೆ ಅನ್ನುವುದೂ ಈ ಪುಟದಲ್ಲಿರಬೇಕು. ರಸ್ತೆ ಪಕ್ಕದ ಹೊಲ, ನೀರಾವರಿ ಇರುವ ಹೊಲ, ಹೋಗಿ ಬರಲು ಸಲೀಸಾದ ಹೊಲ ಅಂತ ಆರಿಸಿದರೆ ನಾಲ್ಕಲ್ಲ, ನಲವತ್ತು ಪ್ರಯೋಗ ಮಾಡಿದರೂ ಲೆಕ್ಕ ಒಂದೇ ಕಡೆ ವಾಲುತ್ತದೆ. ಚೌಕ ಎಷ್ಟು ದೊಡ್ಡದಿರಬೇಕು ಅನ್ನುವುದಕ್ಕೂ ಒಂದು ಕಥೆ ಇದೆ. 1931ರಲ್ಲಿ ಕಲ್ಕತ್ತದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದ ಪಿ.ಸಿ. ಮಹಲನೋಬಿಸ್ ಬಂಗಾಳದ ಬೆಳೆ ಸಮೀಕ್ಷೆಗಳಲ್ಲಿ ಸಣ್ಣ ತುಣುಕುಗಳನ್ನು ಬಳಸಿದರು. ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ಅದನ್ನು ಪ್ರಶ್ನಿಸಿದರು. ತುಣುಕು ಸಣ್ಣದಾದಷ್ಟೂ ಗಡಿಯ ಮೇಲಿನ ಗಿಡಗಳ ಪಾಲು ಜಾಸ್ತಿ. ಗಡಿಯ ಗಿಡವನ್ನು ಒಳಗೆ ಸೇರಿಸಿಕೊಳ್ಳುವುದು ಕೊಯ್ಯುವವರ ಸಹಜ ಚಾಳಿ. ಹಾಗಾಗಿ ಇಳುವರಿ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ. ಇಬ್ಬರು ದೊಡ್ಡವರು ಹೊಲದ ಗಡಿಯ ಒಂದು ಸಾಲು ಗಿಡದ ಮೇಲೆ ಇಷ್ಟು ಗಂಭೀರವಾಗಿ ವಾದ ಮಾಡಿದ್ದು ನನಗೆ ಬಹಳ ಹಿಡಿಸುತ್ತದೆ.

ಬರೆದದ್ದು ಯಾರ ಆಸ್ತಿ ಅನ್ನುವುದನ್ನು ಮೊದಲ ದಿನವೇ ತೀರ್ಮಾನ ಮಾಡಿಕೊಳ್ಳಬೇಕು. ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಒಂದನ್ನು ಕಟ್ಟಿದರು. ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿದ್ದು, ಬೇಕಾದವರಿಗೆಲ್ಲ ಸಿಗುವುದು, ಲೆಕ್ಕ ಮಾತ್ರ ತೆರೆದಿಡುವುದು. ಈ ಆಕರವೂ ಆ ರೀತಿಯದೇ. ಕ್ರಿಯೇಟಿವ್ ಕಾಮನ್ಸ್‌ನ 'ಹೆಸರು ಹೇಳಿ ಬಳಸಿ' ಅನ್ನುವ ಬಗೆಯ (CC BY) ಪರವಾನಗಿಯಲ್ಲಿ ಹಾಕಿದರೆ, ಬರೆದವರ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು, ಅಚ್ಚು ಹಾಕಬಹುದು, ಬದಲಾಯಿಸಬಹುದು. 'ಅದೇ ಪರವಾನಗಿ' ಅನ್ನುವ ಷರತ್ತೂ ಇದ್ದರೆ, ಬದಲಾಯಿಸಿದ್ದನ್ನು ಅವರೂ ಅದೇ ರೀತಿ ಬಿಟ್ಟುಕೊಡಬೇಕು. ಗೈಡ್ ಪುಸ್ತಕದಿಂದ ಎತ್ತಿ ಹಾಕುವುದು ಇಲ್ಲಿ ನಡೆಯುವುದಿಲ್ಲ. ಸೂತ್ರ ಯಾರಪ್ಪನ ಆಸ್ತಿಯೂ ಅಲ್ಲ, ಆದರೆ ಅದನ್ನು ವಿವರಿಸಿದ ಮಾತು, ಕಟ್ಟಿದ ಉದಾಹರಣೆ ಬರೆದವರದ್ದು. ಇನ್ನೊಂದು ಎಚ್ಚರ: ನಿಜವಾದ ದತ್ತಾಂಶ ಹಾಕುವಾಗ ರೈತರ ಹೆಸರು, ಸರ್ವೆ ನಂಬರ್, ಆಸ್ಪತ್ರೆಗೆ ಬಂದವರ ವಿವರ ಯಾವುದೂ ಇರಬಾರದು.

ಶುರು ಮಾಡುವಾಗ ದೊಡ್ಡ ಪಟ್ಟಿ ಹಾಕಿಕೊಂಡು ಕೂರಬೇಡಿ. ಸರಾಸರಿ, ಮಧ್ಯಾಂಕ, ಮಾನಕ ವಿಚಲನೆ, ಸ್ಯಾಂಪಲ್, ಸಂಭವನೀಯತೆ, ಪಿ-ಮೌಲ್ಯ, ಕೈ-ಸ್ಕ್ವೇರ್ ಇಷ್ಟೇ ಚೆನ್ನಾಗಿ ಬಂದರೂ ಪಿಯುಸಿ ಮಕ್ಕಳಿಗೆ, ಪ್ರಬಂಧ ಬರೆಯುವವರಿಗೆ ಕೈಗೆ ಏನೋ ಸಿಕ್ಕಂತೆ. ಪ್ರತಿ ಪುಟದ ತಲೆಯಲ್ಲಿ, ಇದಕ್ಕೆ ಮೊದಲು ಯಾವ ಪುಟ ಓದಿರಬೇಕು ಅಂತ ಒಂದು ಸಾಲು ಇರಲಿ. ಆ ಸಾಲಿನಿಂದಲೇ ಕಲಿಯುವ ದಾರಿ ತಾನಾಗಿ ಮೂಡುತ್ತದೆ. ಇನ್ನೂ ಇಲ್ಲದ ಪುಟಕ್ಕೆ ಕೊಂಡಿ ಕೊಟ್ಟರೆ ಅದು ಕೆಂಪಾಗಿ ಕಾಣುತ್ತದೆ, ಮುಂದೆ ಯಾವುದು ಬರೆಯಬೇಕು ಅಂತ ಯಾರೂ ಹೇಳಬೇಕಿಲ್ಲ.

ಆಮೇಲೆ, ಕೊನೆಯ ಸಲ ಪರಿಶೀಲಿಸಿದ ತಿಂಗಳು ಮತ್ತು ವರ್ಷ ಪುಟದ ಮೇಲೆ ಕಾಣುವಂತೆ ಇರಲಿ. ಸರಾಸರಿಯ ಸೂತ್ರ ಬದಲಾಗುವುದಿಲ್ಲ, ಆದರೆ ವಿಮೆಯ ನಿಯಮ ಬದಲಾಗುತ್ತದೆ. ಏಳರಲ್ಲಿ ಐದು ವರ್ಷ ಅನ್ನುವುದು ನಾಳೆ ಬೇರೆ ಆದರೆ, ಸ್ಯಾಂಪಲ್ಲಿನ ಪುಟದಲ್ಲಿನ ಆ ಒಂದು ಸಾಲನ್ನು ಅದೇ ವಾರ ಯಾರಾದರೂ ತಿದ್ದಬೇಕು.